ಕರೆಂಟ್ ಬಂದಮೇಲೆ ಯಾರು ಮೊದಲು ಏಳಬೇಕು? ಫ್ರೀಬಿಎಸ್‌ಡಿಯ ಆರ್‌ಸಿಆರ್ಡರ್ ಜೊತೆ ಎರಡೂವರೆ ವರ್ಷ

ಚಾಮರಾಜಪೇಟೆಯ ಒಂದು ಚಿಕ್ಕ ಪ್ರಿಂಟಿಂಗ್ ಆಫೀಸಿನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಅಂದರೆ ಒಂದೇ ಒಂದು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ನಾವೇ ಜೋಡಿಸಿದ ಪೆಟ್ಟಿಗೆ, ಪೇಪರ್ ರೀಮುಗಳ ಪಕ್ಕದಲ್ಲಿ ಕೂತಿದೆ. ಅದರಲ್ಲಿ ಗಿರಾಕಿಗಳ ಕೆಲಸದ ಲೆಕ್ಕ ಇಡುವ ಒಂದು ವೆಬ್ ಆ್ಯಪ್ ಓಡುತ್ತದೆ. ಹಿಂದೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್, ಮುಂದೆ ಗಿರಾಕಿಗಳ ಕರೆಯನ್ನು ಆ್ಯಪಿಗೆ ದಾಟಿಸುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಪುಟಗಳ ಪಿಡಿಎಫ್ ಎಲ್ಲಾ ಇನ್ನೊಂದು ಚಿಕ್ಕ ಡಬ್ಬಿಯಲ್ಲಿವೆ, ಅವು ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಪದ್ಧತಿ) ಮೂಲಕ ಬರುತ್ತವೆ. ಇಷ್ಟೇ ಸಂಸಾರ.

ಬೆಂಗಳೂರಲ್ಲಿ ಮೇ ತಿಂಗಳ ಸಂಜೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ನಾಲ್ಕು ಗಂಟೆಗೆ ಮೋಡ, ಐದಕ್ಕೆ ಗಾಳಿ, ಎಲ್ಲೋ ಒಂದು ಕೊಂಬೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ನಮ್ಮ ಯುಪಿಎಸ್ ಹದಿನೈದು ನಿಮಿಷ ಹಿಡಿಯುತ್ತದೆ. ಆಮೇಲೆ ಎಲ್ಲವೂ ಮಲಗಬೇಕು. ಕರೆಂಟ್ ಬಂದಾಗ ಎಲ್ಲವೂ ಏಳಬೇಕು, ಅದೂ ಸರಿಯಾದ ಕ್ರಮದಲ್ಲಿ. ರೌಟರ್ ಇಲ್ಲದೆ ಎನ್‌ಎಫ್‌ಎಸ್ ಇಲ್ಲ. ಡೇಟಾಬೇಸ್ ಇಲ್ಲದೆ ಆ್ಯಪ್ ಇಲ್ಲ. ಆ್ಯಪ್ ಇಲ್ಲದೆ ಎಂಜಿನ್‌ಎಕ್ಸ್ ಎದ್ದರೆ, ಗಿರಾಕಿ ಮೊಬೈಲ್ ತೆರೆದಾಗ ಕಾಣುವುದು 502 ಎಂಬ ದೋಷದ ಸಂಖ್ಯೆ ಮಾತ್ರ.

ಮೊದಲು ಇದ್ದ ಹಳೆಯ ಲಿನಕ್ಸ್ ಮೆಷಿನ್ನಿನಲ್ಲಿ ಇದಕ್ಕೆ ಒಂದೇ ಮದ್ದು ಇತ್ತು. ಬೂಟ್‌ನ, ಅಂದರೆ ಮೆಷಿನ್ ಏಳುವ ಹೊತ್ತಿನ, ಕೊನೆಯಲ್ಲಿ ಓಡುವ ಸ್ಕ್ರಿಪ್ಟಿನಲ್ಲಿ (ಕಮಾಂಡುಗಳ ಫೈಲು) ‘ಸ್ಲೀಪ್ 30’, ಅಂದರೆ 30 ಸೆಕೆಂಡ್ ಸುಮ್ಮನಿರು, ಎಂದು ಬರೆದು, ಕೆಳಗೆ ಆ್ಯಪ್ ಶುರು ಮಾಡುವ ಸಾಲು. ಒಮ್ಮೆ ಸಾಲಲಿಲ್ಲ ಅಂತ 60 ಆಯಿತು. ಆಮೇಲೆ 120. ನಾನು ಕೆಲಸಕ್ಕೆ ಸೇರಿದಾಗ ಅದು 180ಕ್ಕೆ ಬಂದು ನಿಂತಿತ್ತು. ಯಾವುದಕ್ಕಾಗಿ ಕಾಯುತ್ತಿದ್ದೇವೆ ಅಂತ ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಕಾಯುವುದು ಮಾತ್ರ ಇತ್ತು. ನನಗೆ ಇದನ್ನು ಸಹಿಸಲಾಗಲಿಲ್ಲ.

2023ರ ಏಪ್ರಿಲ್‌ನಲ್ಲಿ ಬಂದ ಫ್ರೀಬಿಎಸ್‌ಡಿ 13.2 ಹಾಕಿ ಶುರು ಮಾಡಿದೆ, ಈಗ 14ರಲ್ಲಿದ್ದೇನೆ. ಇಡೀ ಆಪರೇಟಿಂಗ್ ಸಿಸ್ಟಮ್ಮಿನ ವಿಮರ್ಶೆ ಇದಲ್ಲ. ಅದರೊಳಗಿನ ಒಂದು ಚಿಕ್ಕ ಸಾಮಾನಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಹೆಸರು ಆರ್‌ಸಿಆರ್ಡರ್. ಬೂಟ್ ಆಗುವಾಗ ಯಾವ ಸ್ಕ್ರಿಪ್ಟ್ ಯಾವುದರ ನಂತರ ಓಡಬೇಕು ಎಂದು ಪಟ್ಟಿ ಮಾಡಿಕೊಡುವುದು ಅದರ ಕೆಲಸ. ಬೇರೇನೂ ಮಾಡುವುದಿಲ್ಲ. ಬೆಲೆ ಇಲ್ಲ, ಸಿಸ್ಟಮ್ ಜೊತೆಗೇ ಬರುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಳೆದೆ ಅನ್ನುವುದು ಮುಂದೆ ಬರುತ್ತದೆ, ಯಾಕೆಂದರೆ ಅದೇ ಮುಖ್ಯ.

ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳುತ್ತೇನೆ. ಹಳೆಯ ಸಿಸ್ಟಮ್ ಫೈವ್ ಎಂಬ ಯುನಿಕ್ಸ್‌ನ ಪದ್ಧತಿಯಲ್ಲಿ ಸ್ಕ್ರಿಪ್ಟುಗಳಿಗೆ ನಂಬರ್ ಹಾಕುತ್ತಿದ್ದರು. ಎಸ್20, ಎಸ್80, ಹೀಗೆ. ಶುರುವಾಗಲು ಎಸ್, ನಿಲ್ಲಲು ಕೆ. ನಡುವೆ ಹೊಸದೊಂದು ಬಂದರೆ ಜಾಗ ಹುಡುಕಬೇಕು, ಯಾರ ನಂಬರ್ ಯಾಕೆ ಅಷ್ಟು ಅಂತ ಯಾರಿಗೂ ನೆನಪಿರುವುದಿಲ್ಲ. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ ಸೇರಿದ ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿಗಳಲ್ಲಿ ಅದೂ ಇರಲಿಲ್ಲ, ಒಂದು ದೊಡ್ಡ ಸ್ಕ್ರಿಪ್ಟ್ ಮೇಲಿಂದ ಕೆಳಗೆ ಓಡುತ್ತಿತ್ತು. 2000ದ ಡಿಸೆಂಬರ್‌ನಲ್ಲಿ ಬಂದ ನೆಟ್‌ಬಿಎಸ್‌ಡಿ 1.5ರಲ್ಲಿ ಇದನ್ನು ಒಡೆದು ಚಿಕ್ಕ ಚಿಕ್ಕ ಸ್ಕ್ರಿಪ್ಟು ಮಾಡಿದರು. ಆ ವಿನ್ಯಾಸದ ಬಗ್ಗೆ ಲ್ಯೂಕ್ ಮ್ಯೂಬರ್ನ್ 2001ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಸಾಲು ಹಚ್ಚುವ ಆರ್‌ಸಿಆರ್ಡರ್ ಬರೆದವರು ಪೆರ್ರಿ ಮೆಟ್ಜ್‌ಗರ್ ಮತ್ತು ಮ್ಯಾಥ್ಯೂ ಗ್ರೀನ್. 2003ರ ಜನವರಿಯ ಫ್ರೀಬಿಎಸ್‌ಡಿ 5.0ಗೆ ಅದು ಹಾಗೇ ಬಂತು. ಇಪ್ಪತ್ತು ವರ್ಷ ದಾಟಿದ ಸಾಮಾನು, ಆದರೆ ಮ್ಯಾನ್ಯುಯಲ್ ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಯುತ್ತದೆ.

ಇದರ ಆಲೋಚನೆ ನಮ್ಮ ಮದುವೆ ಊಟದ ಪಂಕ್ತಿಯದೇ. ತೊವ್ವೆ ಬಡಿಸುವವನಿಗೆ ತಾನು ಎಷ್ಟನೆಯವನು ಅಂತ ಗೊತ್ತಿರಬೇಕಿಲ್ಲ. ಅನ್ನ ಆದಮೇಲೆ ತಾನು, ಅಷ್ಟು ಗೊತ್ತಿದ್ದರೆ ಸಾಕು. ತುಪ್ಪದವನಿಗೆ ತೊವ್ವೆ ಆದಮೇಲೆ ತಾನು ಅಂತ ಗೊತ್ತು. ನಡುವೆ ಇನ್ನೊಂದು ಪಲ್ಯ ಜಾಸ್ತಿ ಆದರೆ ಯಾರ ನಂಬರೂ ಬದಲಾಗಬೇಕಿಲ್ಲ. ಹಾಗೇ ಇಲ್ಲಿ ಪ್ರತಿ ಸ್ಕ್ರಿಪ್ಟ್ ತನ್ನ ತಲೆಯಲ್ಲೇ ತನಗೆ ಏನು ಬೇಕು ಅಂತ ಬರೆದುಕೊಂಡಿರುತ್ತದೆ. ನಮ್ಮ ಆ್ಯಪಿನ ಫೈಲಿನ ಮೇಲ್ಭಾಗ ಹೀಗಿದೆ (ಪ್ರತಿ ಸಾಲೂ ಹ್ಯಾಶ್ ಗುರುತಿನಿಂದ ಶುರು, ಮೊದಲ ಪದ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ):

# ಪ್ರೊವೈಡ್: ಪ್ರೆಸ್‌ಆ್ಯಪ್
# ರಿಕ್ವೈರ್: ಲಾಗಿನ್ ಪೋಸ್ಟ್‌ಗ್ರೆಸ್‌ಕ್ಯೂಎಲ್
# ಬಿಫೋರ್: ಎಂಜಿನ್‌ಎಕ್ಸ್
# ಕೀವರ್ಡ್: ಶಟ್‌ಡೌನ್

ನನ್ನ ಹೆಸರು ಇದು, ನನಗಿಂತ ಮೊದಲು ಇವರು ಆಗಿರಬೇಕು, ಎಂಜಿನ್‌ಎಕ್ಸ್‌ಗಿಂತ ಮೊದಲು ನಾನು, ಮೆಷಿನ್ ಮುಚ್ಚುವಾಗ ನನ್ನನ್ನೂ ಕರೆಯಿರಿ. ಅಷ್ಟೇ. ಇದರಲ್ಲಿ ನನಗೆ ಜಾಸ್ತಿ ಇಷ್ಟ ಆಗಿದ್ದು ಬಿಫೋರ್ ಸಾಲು. ಎಂಜಿನ್‌ಎಕ್ಸ್‌ನ ಸ್ಕ್ರಿಪ್ಟ್ ಪ್ಯಾಕೇಜಿನಿಂದ ಬಂದದ್ದು, ಅದನ್ನು ಮುಟ್ಟಿದರೆ ಮುಂದಿನ ಅಪ್‌ಡೇಟಿನಲ್ಲಿ ನನ್ನ ಬದಲಾವಣೆ ಹೋಗುತ್ತದೆ. ಅದನ್ನು ಮುಟ್ಟದೆಯೇ ನನ್ನ ಫೈಲಿನಿಂದ ‘ನಾನು ನಿನಗಿಂತ ಮುಂದೆ’ ಎಂದು ಹೇಳಬಹುದು.

ಜೊತೆಗೆ ಕೆಲವು ಮೈಲಿಗಲ್ಲುಗಳಿವೆ. ಫೈಲ್‌ಸಿಸ್ಟಮ್ಸ್, ನೆಟ್‌ವರ್ಕಿಂಗ್, ಸರ್ವರ್ಸ್, ಡೀಮನ್, ಲಾಗಿನ್. ಇವು ಏನೂ ಕೆಲಸ ಮಾಡುವುದಿಲ್ಲ, ದಾರಿಯಲ್ಲಿ ನೆಟ್ಟ ಕಲ್ಲುಗಳು ಅಷ್ಟೇ. ಪ್ಯಾಕೇಜುಗಳಿಂದ ಬರುವ ಹೆಚ್ಚಿನ ಸ್ಕ್ರಿಪ್ಟುಗಳು ‘ಲಾಗಿನ್ ದಾಟಿದ ಮೇಲೆ ನಾನು’ ಎಂದು ಹೇಳಿ ಸುಮ್ಮನಾಗುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಹೇಳುವುದೂ ಅದನ್ನೇ, ಎಂಜಿನ್‌ಎಕ್ಸ್ ಹೇಳುವುದೂ ಅದನ್ನೇ. ಅವರಿಬ್ಬರ ನಡುವೆ ಯಾರು ಮುಂದೆ ಅನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ, ನೀವು ಹೇಳುವ ತನಕ.

ಸರದಿ ಹೇಗೆ ಬಂತು ಎಂದು ನೋಡಲು ಸರ್ವಿಸ್ ಕಮಾಂಡಿಗೆ ಆರ್ ಆಯ್ಕೆ ಕೊಟ್ಟರೆ ಇಡೀ ಪಟ್ಟಿ ಬರುತ್ತದೆ. ಇ ಆಯ್ಕೆ ಕೊಟ್ಟರೆ ಆನ್ ಮಾಡಿದವು ಮಾತ್ರ. ರೀಬೂಟ್ ಮಾಡಿ ನೋಡಬೇಕಿಲ್ಲ. ಹಳೆಯ ಮೆಷಿನ್ನಿನಲ್ಲಿ ಒಂದೊಂದು ಪ್ರಯೋಗಕ್ಕೂ ರಾತ್ರಿ ಎಂಟರವರೆಗೆ ಎಲ್ಲರೂ ಹೋಗಲಿ ಅಂತ ಕಾದು ರೀಬೂಟ್ ಮಾಡುತ್ತಿದ್ದವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾ?

ಈಗ ಕಳೆದ ಒಂದು ಅಂಕದ ವಿಷಯ. ಅದು ಹೋಗಿದ್ದು ಎರಡು ಘಟನೆಗಳಿಂದ.

ಮೊದಲನೆಯದು ಅಕ್ಷರದ ತಪ್ಪು. ರಿಕ್ವೈರ್ ಸಾಲಿನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂದು ಬರೆಯುವಾಗ ಕೊನೆಯ ಕ್ಯೂ, ಎಲ್ ಎರಡು ಅಕ್ಷರ ಬಿಟ್ಟುಹೋಗಿತ್ತು. ಆ ಹೆಸರಿನವರು ಯಾರೂ ಇಲ್ಲ. ಕೈಯಿಂದ ಓಡಿಸಿದರೆ ಆರ್‌ಸಿಆರ್ಡರ್ ಈ ಎಚ್ಚರಿಕೆ ಕೊಡುತ್ತದೆ, ಇದನ್ನು ಒದಗಿಸುವವರು ಯಾರೂ ಇಲ್ಲ ಎಂದು. ಆದರೆ ಬೂಟ್ ಆಗುವಾಗ ಸಿಸ್ಟಮ್ ಆ ಎಚ್ಚರಿಕೆಗಳನ್ನೆಲ್ಲಾ ಡೆವ್ ನಲ್‌ಗೆ, ಅಂದರೆ ಹಾಕಿದ್ದೆಲ್ಲಾ ಮಾಯವಾಗುವ ಗುಂಡಿಗೆ, ಎಸೆದುಬಿಡುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಇನ್ನೂ ಕಷ್ಟದ ಮಾತು ಏನೆಂದರೆ, ತಪ್ಪು ಇದ್ದರೂ ಎರಡು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಅದೃಷ್ಟಕ್ಕೆ ಡೇಟಾಬೇಸ್ ಮುಂದೆ ಬೀಳುತ್ತಿತ್ತು, ಆ್ಯಪ್ ಹಿಂದೆ. ಒಂದು ದಿನ ಇನ್ನೆರಡು ಪ್ಯಾಕೇಜ್ ಹಾಕಿದೆ, ಸಾಲು ಸ್ವಲ್ಪ ಅತ್ತಿತ್ತ ಆಯಿತು, ಮುಂದಿನ ಮಳೆಗೆ ಆ್ಯಪ್ ಮೊದಲು ಎದ್ದು ಡೇಟಾಬೇಸ್ ಸಿಗದೆ ಸತ್ತಿತು. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು.

ಎರಡನೆಯದು ನನಗೆ ತುಂಬಾ ಬೇಸರ ಮಾಡಿದ್ದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಫೈಲುಗಳಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತೇನೆ. ನಾನು ರಜೆಯಲ್ಲಿದ್ದಾಗ ಆಫೀಸಿನ ಹುಡುಗ ತೆರೆದು ನೋಡಿದರೆ ಅವನಿಗೆ ಅರ್ಥ ಆಗಬೇಕು ಅಂತ. ಹಾಗಾಗಿ ಆ ನಾಲ್ಕು ಸಾಲುಗಳ ನಡುವೆ, ರಿಕ್ವೈರ್ ಮತ್ತು ಬಿಫೋರ್ ಮುಗಿದ ಮೇಲೆ, ಒಂದು ಸಾಲು ಸೇರಿಸಿದ್ದೆ: ‘ಮುಚ್ಚುವಾಗ ಡೇಟಾಬೇಸ್‌ಗಿಂತ ಮೊದಲು ಈ ಆ್ಯಪ್ ನಿಲ್ಲಬೇಕು, ಅದಕ್ಕೆ ಕೆಳಗಿನ ಸಾಲು.’ ಅದರ ಕೆಳಗೆ ಕೀವರ್ಡ್ ಶಟ್‌ಡೌನ್. ನೋಡಲು ಎಷ್ಟು ಅಚ್ಚುಕಟ್ಟು, ಅಲ್ವಾ?

ಆರ್‌ಸಿಆರ್ಡರ್ ಫೈಲನ್ನು ಓದುವಾಗ ಈ ಸಾಲುಗಳು ಒಂದರ ಕೆಳಗೆ ಒಂದು ಇರಬೇಕು. ನಡುವೆ ಬೇರೆ ಯಾವ ಸಾಲು ಸಿಕ್ಕರೂ ಅಲ್ಲಿಗೇ ಓದು ನಿಲ್ಲಿಸುತ್ತದೆ. ಅಂದರೆ ಶಟ್‌ಡೌನ್ ಎಂಬ ಪದ ಫೈಲಿನಲ್ಲಿ ಇತ್ತು, ಆದರೆ ಆರ್‌ಸಿಆರ್ಡರ್ ಕಣ್ಣಿಗೆ ಬಿದ್ದಿರಲಿಲ್ಲ. ಮೆಷಿನ್ ಮುಚ್ಚುವಾಗ ಏನಾಗುತ್ತದೆ ಎಂದರೆ, ಶಟ್‌ಡೌನ್ ಕೀವರ್ಡ್ ಇರುವ ಸ್ಕ್ರಿಪ್ಟುಗಳನ್ನು ಮಾತ್ರ ಆರಿಸಿ, ಅದೇ ಸರದಿಯನ್ನು ತಲೆಕೆಳಗು ಮಾಡಿ, ಕೊನೆಗೆ ಎದ್ದವನನ್ನು ಮೊದಲು ಮಲಗಿಸುತ್ತಾ ಬರುತ್ತದೆ. ನಮ್ಮ ಆ್ಯಪ್ ಆ ಪಟ್ಟಿಯಲ್ಲೇ ಇರಲಿಲ್ಲ. ಯುಪಿಎಸ್ ಬ್ಯಾಟರಿ ಮುಗಿಯುತ್ತಾ ಬಂತು, ಯುಪಿಎಸ್ ಮೇಲೆ ಕಣ್ಣಿಡುವ ನಟ್ ಅನ್ನುವ ಪ್ಯಾಕೇಜ್ ಮೆಷಿನ್ ಮುಚ್ಚಲು ಹೇಳಿತು, ಡೇಟಾಬೇಸ್ ಮರ್ಯಾದೆಯಿಂದ ಮಲಗಿತು, ಆ್ಯಪ್ ಮಾತ್ರ ಇನ್ನೂ ಎದ್ದೇ ಇತ್ತು, ಗಿರಾಕಿಗಳು ಮೊಬೈಲಿನಿಂದ ಕಳಿಸಿದ ಕೆಲಸಗಳನ್ನು ತೆಗೆದುಕೊಳ್ಳುತ್ತಾ, ಅವನ್ನು ಇಡಲು ಜಾಗ ಇಲ್ಲದೆ ಮೆಮೊರಿಯಲ್ಲೇ ಹಿಡಿದುಕೊಂಡು, ಕೊನೆಗೆ ಎಲ್ಲರ ಜೊತೆ ಅದನ್ನೂ ಕೊಂದಾಗ ಎಲ್ಲವೂ ಹೋಯಿತು. ಹದಿನಾಲ್ಕು ಕೆಲಸ. ಅದರಲ್ಲಿ ಎರಡು ಮದುವೆ ಕಾರ್ಡು. ಹದಿನಾಲ್ಕು ಮನೆಗೂ ಫೋನ್ ಮಾಡಿ ಮತ್ತೆ ಕಳಿಸಿ ಅಂತ ಕೇಳಿದೆವು. ಒಬ್ಬರೂ ಬಯ್ಯಲಿಲ್ಲ, ಅದೇ ನನಗೆ ಇನ್ನೂ ನೋವಾಯಿತು.

ಮ್ಯಾನ್ಯುಯಲಿನಲ್ಲಿ ಈ ನಿಯಮ ಸ್ಪಷ್ಟವಾಗಿ ಬರೆದಿದೆ, ಅದನ್ನು ಒಪ್ಪುತ್ತೇನೆ. ಆದರೂ ‘ಈ ಫೈಲಿನಲ್ಲಿ ಕೆಳಗಡೆ ಇನ್ನೊಂದು ಕೀವರ್ಡ್ ಸಾಲು ಇದೆ, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಎಂದು ಒಂದು ಮಾತು ಹೇಳಬಹುದಿತ್ತು. ಕ್ರಮ ಹಚ್ಚುವ ಸಾಮಾನು ತಪ್ಪಿನ ಬಗ್ಗೆ ಮೌನವಾಗಿರಬಾರದು. ಕ್ರಮದ ತಪ್ಪು ಆ ಕ್ಷಣ ಕಾಣುವುದಿಲ್ಲ, ಕರೆಂಟ್ ಹೋದ ದಿನ ಕಾಣುತ್ತದೆ. ಈಗ ನಮ್ಮಲ್ಲಿ ಯಾವುದೇ ಸ್ಕ್ರಿಪ್ಟ್ ಬದಲಾಯಿಸಿದರೂ ಎರಡು ಕೆಲಸ ಕಡ್ಡಾಯ. ಆರ್‌ಸಿಆರ್ಡರನ್ನು ಎಲ್ಲಾ ಫೈಲುಗಳ ಮೇಲೆ ಕೈಯಿಂದ ಓಡಿಸಿ ಎಚ್ಚರಿಕೆ ಓದುವುದು. ಆಮೇಲೆ ಕೆ ಆಯ್ಕೆಗೆ ಶಟ್‌ಡೌನ್ ಕೊಟ್ಟು ಮತ್ತೆ ಓಡಿಸಿ, ನಮ್ಮ ಆ್ಯಪ್ ಪಟ್ಟಿಯಲ್ಲಿ ಇದೆಯಾ ಅಂತ ನೋಡುವುದು. ಎರಡೂ ಸೇರಿ ಒಂದು ನಿಮಿಷವೂ ಬೇಡ.

ಇನ್ನೊಂದು ವಿಷಯ ಹೊಸಬರು ತಪ್ಪು ತಿಳಿಯುತ್ತಾರೆ. ರಿಕ್ವೈರ್ ಅಂದರೆ ‘ಇದು ಇಲ್ಲದೆ ನಾನು ಏಳುವುದಿಲ್ಲ’ ಅಂತಲ್ಲ. ‘ಇದರ ಸರದಿ ನನಗಿಂತ ಮೊದಲು’ ಅಂತ ಅಷ್ಟೇ. ಕಾನ್ಫಿಗ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಆಫ್ ಇದ್ದರೆ ಅದರ ಸರದಿ ಬರುತ್ತದೆ, ಅದು ಏನೂ ಮಾಡದೆ ಹೋಗುತ್ತದೆ, ಆಮೇಲೆ ಆ್ಯಪ್ ಏಳುತ್ತದೆ. ಅನ್ನದ ಪಾತ್ರೆ ಖಾಲಿ ಇದ್ದರೂ ತೊವ್ವೆಯವನು ಬಂದೇ ಬರುತ್ತಾನೆ.

ಹಾಗಾದರೆ ಡೇಟಾಬೇಸ್ ನಿಜವಾಗಿ ಸಿದ್ಧ ಆಗಿದೆ ಅಂತ ಹೇಗೆ ನಂಬುವುದು? ಇಲ್ಲಿ ಫ್ರೀಬಿಎಸ್‌ಡಿಯ ಹಳೆಯ ಗುಣ ಒಂದು ಕೈ ಹಿಡಿಯುತ್ತದೆ. ಸ್ಕ್ರಿಪ್ಟುಗಳು ಒಂದಾದ ಮೇಲೆ ಒಂದು ಓಡುತ್ತವೆ. ಹಿಂದಿನದು ಮುಗಿದು ವಾಪಸ್ ಬರುವ ತನಕ ಮುಂದಿನದು ಶುರುವಾಗುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಸ್ಕ್ರಿಪ್ಟ್ ‘ಕಾಯಿ’ ಎಂಬ ಆಯ್ಕೆ ಜೊತೆಗೇ ಬರುತ್ತದೆ, ಡೇಟಾಬೇಸ್ ಸಂಪರ್ಕ ತೆಗೆದುಕೊಳ್ಳುವಂತಾದ ಮೇಲೆ ಮಾತ್ರ ವಾಪಸ್ ಬರುತ್ತದೆ. ಹಾಗಾಗಿ ಇಲ್ಲಿ ಸರದಿ ಮತ್ತು ಸಿದ್ಧತೆ ಎರಡೂ ಒಂದೇ ಆಗುತ್ತವೆ. ಆದರೆ ಆ ಕಾಯುವಿಕೆಗೂ ಮಿತಿ ಇದೆ, ಸುಮ್ನೆ ಬಿಟ್ಟರೆ 60 ಸೆಕೆಂಡ್. ಸರಿಯಾಗಿ ಮುಚ್ಚದೆ ಕರೆಂಟ್ ಹೋಗಿ, ಡೇಟಾಬೇಸ್ ಎದ್ದಮೇಲೆ ಹಳೆಯ ಲಾಗ್ ಎಲ್ಲಾ ತಿರುಗಿಸಿ ಸರಿಪಡಿಸಿಕೊಳ್ಳಬೇಕಾದರೆ ಅದಕ್ಕಿಂತ ಜಾಸ್ತಿ ಆಗಬಹುದು. ನಾವೇ ಬರೆದ ಆ್ಯಪಿನಲ್ಲಿ ಈ ಗುಣ ಮೊದಲು ಇರಲಿಲ್ಲ. ಪ್ರೋಗ್ರಾಮನ್ನು ಹಿನ್ನೆಲೆಯಲ್ಲಿ ಓಡಿಸುವ ಡೀಮನ್ ಎಂಬ ಕಮಾಂಡ್ ಮೂಲಕ ಶುರು ಮಾಡಿದರೆ ಅದು ತಕ್ಷಣ ವಾಪಸ್ ಬರುತ್ತದೆ, ಆ್ಯಪ್ ಹಿಂದೆ ಇನ್ನೂ ಕಣ್ಣುಜ್ಜುತ್ತಿರುತ್ತದೆ, ಅಷ್ಟರಲ್ಲಿ ಎಂಜಿನ್‌ಎಕ್ಸ್ ಬಾಗಿಲು ತೆಗೆದಿರುತ್ತದೆ. ಶುರುವಾದ ಮೇಲೆ ನಡೆಯುವ ಭಾಗದಲ್ಲಿ ಆರು ಸಾಲು ಸೇರಿಸಿದೆ. ಆ್ಯಪಿನ ಒಂದು ಪುಟವನ್ನು ಪ್ರತಿ ಸೆಕೆಂಡ್ ಕೇಳು, ಉತ್ತರ ಬಂದರೆ ವಾಪಸ್ ಬಾ, 40 ಸಲ ಕೇಳಿದರೂ ಬರದಿದ್ದರೆ ಲಾಗಿನಲ್ಲಿ ಬರೆದು ಮುಂದೆ ಹೋಗು. ಸ್ಲೀಪ್ 180ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದಕ್ಕೆ ತಾನು ಏನಕ್ಕೆ ಕಾಯುತ್ತಿದ್ದೇನೆ ಅಂತ ಗೊತ್ತು.

ರೌಟರ್ ಸಮಸ್ಯೆಗೆ ಉತ್ತರ ಸಿಸ್ಟಮ್ಮಿನಲ್ಲೇ ಇತ್ತು. ನಮ್ಮ ರೌಟರ್ ಏಳಲು ಒಂದೂವರೆ ನಿಮಿಷ ಬೇಕು, ಸರ್ವರ್ ಅದಕ್ಕಿಂತ ಬೇಗ ಏಳುತ್ತದೆ. ನೆಟ್‌ವೇಟ್ ಎಂಬ ಸ್ಕ್ರಿಪ್ಟ್ ಆನ್ ಮಾಡಿ ರೌಟರಿನ ವಿಳಾಸ ಕೊಟ್ಟರೆ, ಅದು ಉತ್ತರ ಬರುವ ತನಕ ಪಿಂಗ್ ಮಾಡುತ್ತಾ, ಅಂದರೆ ‘ಇದ್ದೀಯಾ’ ಎಂದು ಕೇಳುತ್ತಾ, ಕೂರುತ್ತದೆ. ಮಿತಿ ಮೊದಲಿಗೆ 60 ಸೆಕೆಂಡ್ ಇರುತ್ತದೆ, ನಾನು 180 ಮಾಡಿದ್ದೇನೆ. ಎನ್‌ಎಫ್‌ಎಸ್ ಮೌಂಟ್ ಮಾಡುವ (ಆ ಡಬ್ಬಿಯ ಫೈಲುಗಳನ್ನು ಸರ್ವರ್‌ಗೆ ಜೋಡಿಸುವ) ಸ್ಕ್ರಿಪ್ಟ್ ತಾನು ನೆಟ್‌ವೇಟ್ ಆದಮೇಲೆ ಎಂದು ಮೊದಲೇ ಬರೆದುಕೊಂಡಿದೆ. ಮೂರು ಸಾಲು ಕಾನ್ಫಿಗ್, ಕೆಲಸ ಮುಗಿಯಿತು.

ಒಂದು ಕಡೆ ಮಾತ್ರ ಇದು ಬಗ್ಗುವುದಿಲ್ಲ. ಪಟ್ಟಿ ಎರಡು ಸಲ ತಯಾರಾಗುತ್ತದೆ. ಮೊದಲು ಮೂಲ ಸಿಸ್ಟಮ್ಮಿನ ಸ್ಕ್ರಿಪ್ಟುಗಳದ್ದು, ಫೈಲ್‌ಸಿಸ್ಟಮ್ಸ್ ಎಂಬ ಕಲ್ಲಿನ ತನಕ. ಅಲ್ಲಿಗೆ ಬಂದಮೇಲೆ ಯುಎಸ್ಆರ್ ಲೋಕಲ್ ಎಂಬ ಫೋಲ್ಡರಿನಲ್ಲಿರುವ ನಮ್ಮ ಸ್ಕ್ರಿಪ್ಟುಗಳನ್ನೂ ಸೇರಿಸಿ ಮತ್ತೆ ಪಟ್ಟಿ ಮಾಡುತ್ತದೆ. ಯಾಕೆಂದರೆ ನಮ್ಮವು ಬೇರೆ ಡಿಸ್ಕಿನಲ್ಲಿ ಇರಬಹುದು, ಡಿಸ್ಕ್ ಮೌಂಟ್ ಆಗುವ ಮೊದಲು ಅವು ಕಾಣುವುದೇ ಇಲ್ಲ. ಕಾರಣ ನ್ಯಾಯವಾದದ್ದು. ಆದರೆ ಡಿಸ್ಕ್ ಮೌಂಟಿಗಿಂತ ಮೊದಲು ನನ್ನ ಸ್ಕ್ರಿಪ್ಟ್ ಓಡಲಿ ಎಂದು ಬಿಫೋರ್ ಹಾಕಿದರೆ ಪ್ರಯೋಜನ ಇಲ್ಲ, ಆ ಹೊತ್ತಿಗೆ ಅದು ಆಗಿಹೋಗಿರುತ್ತದೆ.

ಬೇರೆಯವುಗಳ ಜೊತೆ ಹೋಲಿಸಿ ಅಂತ ಕೇಳುತ್ತೀರಿ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ, 2010ರಲ್ಲಿ ಬಂದ ಸಿಸ್ಟಮ್‌ಡಿಯನ್ನು ನಾನು ಬೇರೆ ಕಡೆ ಬಳಸುತ್ತೇನೆ. ಅಲ್ಲಿ ಆಫ್ಟರ್ ಬೇರೆ, ರಿಕ್ವೈರ್ಸ್ ಬೇರೆ. ಒಂದು ಸರದಿಗೆ, ಇನ್ನೊಂದು ಅವಲಂಬನೆಗೆ. ಎರಡನ್ನೂ ಬೇರೆ ಮಾಡಿದ್ದು ತುಂಬಾ ಒಳ್ಳೆಯ ಕೆಲಸ. ಸತ್ತ ಸರ್ವಿಸನ್ನು ಮತ್ತೆ ಎಬ್ಬಿಸುವುದು, ಬೂಟ್‌ನಲ್ಲಿ ಯಾರು ಎಷ್ಟು ಹೊತ್ತು ತಿಂದರು ಎಂದು ತೋರಿಸುವುದು, ಎಲ್ಲವನ್ನೂ ಒಟ್ಟಿಗೆ ಶುರು ಮಾಡುವುದು, ಇದೆಲ್ಲಾ ಅಲ್ಲಿ ಸಿಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಸತ್ತವನನ್ನು ಎಬ್ಬಿಸಲು ಡೀಮನ್ ಕಮಾಂಡಿಗೆ ಆರ್ ಆಯ್ಕೆ ಕೊಡಬೇಕು, ಅದು ತಾನಾಗಿ ಬರುವುದಿಲ್ಲ. ಐವತ್ತು ಸರ್ವಿಸ್ ಇರುವ ದೊಡ್ಡ ಮೆಷಿನ್ ಆದರೆ ನಾನೂ ಸಿಸ್ಟಮ್‌ಡಿಯನ್ನೇ ಆರಿಸುತ್ತೇನೆ. ಓಪನ್‌ಬಿಎಸ್‌ಡಿ ಇನ್ನೂ ಸರಳ. ಪ್ಯಾಕೇಜ್ ಸರ್ವಿಸುಗಳ ಹೆಸರನ್ನು ಒಂದು ಸಾಲಿನಲ್ಲಿ ನೀವೇ ಬರೆದ ಕ್ರಮದಲ್ಲೇ ಶುರು, ಮುಚ್ಚುವಾಗ ಉಲ್ಟಾ. ಮೂರು ನಾಲ್ಕು ಸರ್ವಿಸ್ ಇರುವವರಿಗೆ ಅದಕ್ಕಿಂತ ಚೆನ್ನಾಗಿರುವುದು ನನಗೆ ಕಂಡಿಲ್ಲ.

ನಾನು ಆರ್‌ಸಿಆರ್ಡರ್ ಬಿಡದಿರಲು ಕಾರಣ, ನನಗಿಂತ ಜಾಸ್ತಿ ಆಫೀಸಿನ ಹುಡುಗ. ಅವನು ಪ್ಲೇಟ್ ಮಾಡುವ ಕೆಲಸದವನು, ಕಂಪ್ಯೂಟರ್ ಓದಿದವನಲ್ಲ. ಆರ್‌ಸಿಆರ್ಡರಿಗೆ ಜಿ ಆಯ್ಕೆ ಕೊಟ್ಟರೆ ಯಾರಿಗೆ ಯಾರು ಬೇಕು ಎನ್ನುವ ಇಡೀ ನಕ್ಷೆಯನ್ನು ಗ್ರಾಫ್‌ವಿಜ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮಿಗೆ ಬೇಕಾದ ರೂಪದಲ್ಲಿ ಕೊಡುತ್ತದೆ. ಅದರಲ್ಲಿ ನಮಗೆ ಬೇಕಾದ ಹನ್ನೆರಡು ಹೆಸರು ಮಾತ್ರ ಉಳಿಸಿ, ನಮ್ಮದೇ ಮೆಷಿನ್ನಿನಲ್ಲಿ ಎ3 ಹಾಳೆಗೆ ಪ್ರಿಂಟ್ ಹೊಡೆದು, ಸರ್ವರ್ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಹೋದ ತಿಂಗಳು ನಾನು ಊರಿಗೆ ಹೋಗಿದ್ದಾಗ ಮಳೆ ಬಂದು ಎಲ್ಲಾ ನಿಂತಿತ್ತು. ಕರೆಂಟ್ ಬಂದಮೇಲೆ ಅವನು ಹಾಳೆ ಮುಂದೆ ನಿಂತು, ಪರದೆಯಲ್ಲಿ ಒಂದೊಂದು ಹೆಸರು ಬಂದಂತೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದಿದ್ದಾನೆ. ಎನ್‌ಎಫ್‌ಎಸ್ ಹತ್ತಿರ ನಿಂತುಹೋಯಿತು. ನಕ್ಷೆಯಲ್ಲಿ ಅದರ ಹಿಂದೆ ನೆಟ್‌ವೇಟ್, ನೆಟ್‌ವೇಟ್ ಪಕ್ಕದಲ್ಲಿ ನಾನು ಕೈಯಿಂದ ‘ರೌಟರ್’ ಎಂದು ಬರೆದಿದ್ದೆ. ಹೋಗಿ ನೋಡಿದರೆ ರೌಟರಿನ ಪ್ಲಗ್ ಸಡಿಲ ಆಗಿತ್ತು. ಒತ್ತಿದ. ನನಗೆ ಫೋನ್ ಬಂದಾಗ ಎಲ್ಲಾ ಎದ್ದಾಗಿತ್ತು, ಸುಮ್ನೆ ವಿಷಯ ತಿಳಿಸಲು ಮಾಡಿದ್ದ.